ದಾಸ್ತಾನೋ, ಎರಡನೆಯ ಸರಬರಾಜುದಾರರೋ, ಬದಲಿ ಸಾಮಾನೋ: ಶಾಲೆ, ಆಸ್ಪತ್ರೆ, ಕಲಾಸಂಸ್ಥೆಗಳಿಗೊಂದು ಹೋಲಿಕೆ

ಶಾಲೆ, ಆಸ್ಪತ್ರೆ, ನಾಟಕ ತಂಡ ಇವು ಸರಕು ಮಾರಿ ಬದುಕುವ ಸಂಸ್ಥೆಗಳಲ್ಲ. ಹಾಗಾಗಿ ಅವುಗಳ ಆಡಳಿತ ಮಂಡಳಿಯ ಸಭೆಯಲ್ಲಿ ಪೂರೈಕೆ ಸರಪಳಿಯ ಮಾತು ಬರುವುದು ಸಾಮಾನ್ಯವಾಗಿ ಯಾವುದೋ ಸಾಮಾನು ಕೈಕೊಟ್ಟ ಮೇಲೆಯೇ. ಆಗ ಒಬ್ಬರು ‘ಇನ್ನು ಮೇಲೆ ಆರು ತಿಂಗಳಿಗಾಗುವಷ್ಟು ತರಿಸಿಟ್ಟುಕೊಳ್ಳೋಣ’ ಎನ್ನುತ್ತಾರೆ, ಮತ್ತೊಬ್ಬರು ‘ಇಬ್ಬರ ಹತ್ತಿರ ತರಿಸೋಣ’ ಎನ್ನುತ್ತಾರೆ, ಸಭೆ ಎರಡಕ್ಕೂ ಒಪ್ಪಿಗೆ ಕೊಟ್ಟು ಮುಂದಿನ ವಿಷಯಕ್ಕೆ ಹೋಗುತ್ತದೆ. ಎರಡೂ ಒಳ್ಳೆಯ ಸಲಹೆಗಳೇ. ಆದರೆ ಯಾವ ಸಾಮಾನಿಗೆ ಯಾವುದು ಎಂದು ಕೇಳದೆ ಒಪ್ಪಿಕೊಂಡ ಸಲಹೆಯಿಂದ ಉಗ್ರಾಣ ತುಂಬೀತೇ ಹೊರತು ಕೊರತೆಯ ದಿನ ನೆರವು ಸಿಗುತ್ತದೆಂದು ಹೇಳಲಾಗದು.

ಇಲ್ಲಿ ಐದು ದಾರಿಗಳನ್ನು ಹೋಲಿಸಿದ್ದೇನೆ: ದಾಸ್ತಾನು ಇಡುವುದು, ಎರಡನೆಯ ಸರಬರಾಜುದಾರರನ್ನು ಹಿಡಿಯುವುದು, ಬದಲಿ ಸಾಮಾನನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು, ಹಲವು ಸಂಸ್ಥೆಗಳು ಸೇರಿ ಖರೀದಿಸುವುದು, ಇಂತಿಷ್ಟು ಕೊಳ್ಳುತ್ತೇವೆಂದು ತಯಾರಕರಿಗೆ ವರ್ಷಗಳ ಮಾತು ಕೊಡುವುದು. ಒಂದೇ ದಾರಿ ಆಸ್ಪತ್ರೆಗೆ ಸರಿಯಾಗಿದ್ದು ಶಾಲೆಗೆ ದಂಡವಾಗಬಹುದು, ಶಾಲೆಗೆ ಸಾಕಾದದ್ದು ರಂಗತಂಡಕ್ಕೆ ಉಪಯೋಗಕ್ಕೇ ಬಾರದಿರಬಹುದು. ಏಕೆ ಎಂಬುದನ್ನು ಮೊದಲು ನೋಡೋಣ.

ಹೋಲಿಸಲು ಬೇಕಾದ ಅಳತೆಗೋಲು

ಖರೀದಿ ವಿಭಾಗದವರಿಗೆ ಚಿರಪರಿಚಿತವಾದ ವಿಂಗಡಣೆಯೊಂದಿದೆ. 1983ರಲ್ಲಿ ಪೀಟರ್ ಕ್ರಾಲ್ಜಿಕ್ ಮುಂದಿಟ್ಟ ಆ ಪದ್ಧತಿಯು ಸಾಮಾನುಗಳನ್ನು, ಲಾಭದ ಮೇಲೆ ಅವು ಬೀರುವ ಪರಿಣಾಮ ಮತ್ತು ಪೂರೈಕೆಯಲ್ಲಿರುವ ಅಪಾಯ ಎಂಬ ಎರಡು ಅಳತೆಗಳಲ್ಲಿ ತೂಗಿ, ನಾಲ್ಕು ಮನೆಗಳಲ್ಲಿ ಹಂಚುತ್ತದೆ. ಕಾರ್ಖಾನೆಗೆ ಅದು ಹೊಂದುತ್ತದೆ. ನಮ್ಮ ಮೂರು ಬಗೆಯ ಸಂಸ್ಥೆಗಳಲ್ಲಿ ಮೊದಲ ಅಳತೆಯೇ ದಾರಿ ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಕೆಲಸವನ್ನು ನಿಲ್ಲಿಸುವ ಸಾಮಾನು ಅನೇಕ ಸಲ ತೀರ ಅಗ್ಗದ್ದಾಗಿರುತ್ತದೆ. ರಕ್ತ ತೆಗೆದು ತುಂಬುವ ಟ್ಯೂಬಿಗೆ ಆಸ್ಪತ್ರೆಯ ಒಟ್ಟು ಖರ್ಚಿನಲ್ಲಿ ಇರುವ ಪಾಲು ಎಣಿಕೆಗೂ ಸಿಗದಷ್ಟು ಸಣ್ಣದು. ಆದರೂ 2021ರ ಆಗಸ್ಟಿನಲ್ಲಿ ಆ ಟ್ಯೂಬುಗಳ ಕೊರತೆಯಾದಾಗ, ತುರ್ತಿಲ್ಲದ ರಕ್ತಪರೀಕ್ಷೆಗಳನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ವೈದ್ಯರಿಗೆ ಹೇಳಬೇಕಾಯಿತು.

ಇದಕ್ಕಿಂತ ಉಪಯುಕ್ತವಾದ ಅಳತೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೇವಿಡ್ ಸಿಮ್ಚಿ-ಲೆವಿ ಮತ್ತು ಸಂಗಡಿಗರು ಫೋರ್ಡ್ ಕಂಪನಿಯ ಜೊತೆ ಕೆಲಸ ಮಾಡುತ್ತ ಬಳಕೆಗೆ ತಂದದ್ದು. ಅದರಲ್ಲಿ ಎರಡು ಅವಧಿಗಳಿವೆ. ಸರಬರಾಜು ನಿಂತ ಮೇಲೂ ನಾವು ಕೆಲಸ ನಡೆಸಬಲ್ಲ ದಿನಗಳು ತಾಳುವ ಅವಧಿ. ನಿಂತ ಸರಬರಾಜು ಮತ್ತೆ ಮೊದಲಿನ ಸ್ಥಿತಿಗೆ ಬರಲು ಬೇಕಾಗುವ ದಿನಗಳು ಚೇತರಿಕೆಯ ಅವಧಿ. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿರುವ ಸಾಮಾನುಗಳ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡರೆ ಸಾಕು. ಉಳಿದ ಎಲ್ಲವನ್ನೂ ಇಂಡೆಂಟ್ ಹಾಕಿ ತರಿಸಿಕೊಳ್ಳುವ ಮಾಮೂಲಿ ಕ್ರಮಕ್ಕೆ ಬಿಟ್ಟುಬಿಡಬಹುದು. ಇಷ್ಟನ್ನು ಮಾಡಿದರೆ ಸಾವಿರ ಸಾಮಾನುಗಳ ಪಟ್ಟಿಯು ಕೆಲವೇ ಪುಟಗಳಿಗೆ ಇಳಿಯುತ್ತದೆ.

ಈ ತಾಳುವ ಅವಧಿಯ ಸ್ವಭಾವ ಮೂರೂ ಕಡೆ ಬೇರೆ. ಆಸ್ಪತ್ರೆಯಲ್ಲಿ ಅದನ್ನು ಗಂಟೆಗಳಲ್ಲಿ ಎಣಿಸಬೇಕಾಗುತ್ತದೆ, ಮತ್ತು ಅದು ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಶಾಲೆಯಲ್ಲಿ ಅದು ಕ್ಯಾಲೆಂಡರಿಗೆ ಕಟ್ಟುಬಿದ್ದಿದೆ: ವರ್ಷದ ನಡುವೆ ಪ್ರಯೋಗಾಲಯದ ರಾಸಾಯನಿಕ ಮೂರು ವಾರ ತಡವಾದರೆ ಪಾಠದ ಕ್ರಮವನ್ನು ಹಿಂದುಮುಂದು ಮಾಡಿಕೊಳ್ಳಬಹುದು, ಆದರೆ ಪರೀಕ್ಷೆಯ ಬೆಳಿಗ್ಗೆ ಉತ್ತರಪತ್ರಿಕೆಗಳು ಒಂದು ತಾಸು ತಡವಾದರೂ ಸಮಜಾಯಿಷಿಗೆ ಎಡೆಯಿಲ್ಲ. ಕಲಾಸಂಸ್ಥೆಗೆ ಪ್ರದರ್ಶನದ ದಿನಾಂಕವೆಂಬ ಕಟ್ಟುಪಾಡಿನ ಜೊತೆಗೆ ಇನ್ನೊಂದು ತೊಡಕಿದೆ. ಅಲ್ಲಿ ಬೇಕಾದದ್ದು ಬಟ್ಟೆಯಲ್ಲ, ಅದೇ ಬಟ್ಟೆ.

ಒಂದು ವಸ್ತ್ರವಿನ್ಯಾಸದ ಕೊಠಡಿಯಲ್ಲಿ ನಾನು ಕಂಡದ್ದು ಹೀಗಿದೆ. ಹನ್ನೊಂದು ನರ್ತಕಿಯರ ಉಡುಪಿಗೆ ಎರಡು ಮೀಟರ್ ಬಟ್ಟೆ ಕಡಿಮೆಬಿದ್ದು, ಅದೇ ಕೋಡಿನ ಇನ್ನೊಂದು ಥಾನು ತರಿಸಲಾಗಿತ್ತು. ಕೊಠಡಿಯ ಬೆಳಕಿನಲ್ಲಿ ಎರಡನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿದಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ರಂಗದ ದೀಪ ಬಿದ್ದ ಕೂಡಲೇ ಹನ್ನೊಂದನೆಯವಳು ಬೇರೆ ನಾಟಕದಿಂದ ಬಂದವಳಂತೆ ಕಂಡಳು. ಬಣ್ಣದ ಹೆಸರು ಒಂದೇ, ಅದ್ದಿದ ಲಾಟ್ ಬೇರೆ. ಖರೀದಿಯ ಕಾಗದದಲ್ಲಿ ಲಾಟ್ ಸಂಖ್ಯೆಗೆ ಜಾಗವೇ ಇರಲಿಲ್ಲ.

ದಾಸ್ತಾನು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಮತ್ತು ಸರಿಯಾದ ಸಾಮಾನಿಗೆ ಇದರಷ್ಟು ನಂಬಿಕೆಯ ದಾರಿ ಬೇರೊಂದಿಲ್ಲ. ಎಷ್ಟು ಇಡಬೇಕು ಎಂಬ ಲೆಕ್ಕದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಬಳಕೆಯ ಏರಿಳಿತವೊಂದೇ ನಮ್ಮ ಚಿಂತೆಯಾಗಿದ್ದರೆ ಸುರಕ್ಷತಾ ದಾಸ್ತಾನು, ಅಂದರೆ ಕೊರತೆ ಬೀಳದಂತೆ ಹೆಚ್ಚಿಗೆ ಇಟ್ಟುಕೊಳ್ಳುವ ಸಾಮಾನು, ಸರಕು ಬರುವ ಅವಧಿಯ ವರ್ಗಮೂಲದಂತೆ ಬೆಳೆಯುತ್ತದೆ. ಅಂದರೆ ಸರಕು ಬರುವ ಅವಧಿ ನಾಲ್ಕು ಪಟ್ಟಾದರೂ ದಾಸ್ತಾನು ಎರಡು ಪಟ್ಟಾದರೆ ಸಾಕು. ಆದರೆ ಸರಕು ಬರುವ ಅವಧಿಯೇ ನೆಚ್ಚಿಕೆಗೆ ಸಿಗದಿದ್ದಾಗ ಈ ರಿಯಾಯಿತಿ ಇಲ್ಲ, ತಡವಾದ ಒಂದೊಂದು ದಿನಕ್ಕೂ ಒಂದೊಂದು ದಿನದ ಬಳಕೆಯಷ್ಟು ಸಾಮಾನು ಕೈಯಲ್ಲಿರಬೇಕು. ದಿನಕ್ಕೆ 40 ಟ್ಯೂಬು ಬಳಸುವ ವಾರ್ಡಿಗೆ 10 ದಿನದಲ್ಲಿ ಬರಬೇಕಾದ ಸರಕು 25 ದಿನಕ್ಕೆ ಬಂದರೆ ಕೊರತೆ ಬೀಳುವುದು 600 ಟ್ಯೂಬು. ಹಿಂದಿನ ಎರಡು ವರ್ಷಗಳ ಪರ್ಚೇಸ್ ಆರ್ಡರಿನ ದಿನಾಂಕವನ್ನೂ ಸರಕು ಒಳಬಂದ ದಿನಾಂಕವನ್ನೂ ಎದುರುಬದುರು ಬರೆದು ನೋಡಿದರೆ ಈ ಅಂಕಿ ಯಾರಿಗಾದರೂ ಸಿಗುತ್ತದೆ. ಸರಬರಾಜುದಾರರು ಕೊಟೇಷನ್ನಿನಲ್ಲಿ ಬರೆದುಕೊಟ್ಟ ಅವಧಿಯನ್ನು ಈ ಲೆಕ್ಕಕ್ಕೆ ಬಳಸಬಾರದು.

ದಾಸ್ತಾನಿಗೆ ಒಗ್ಗದ ಸಾಮಾನುಗಳನ್ನು ಗುರುತಿಸುವುದು ಇಷ್ಟೇ ಮುಖ್ಯ. ದಾನಿಗಳ ರಕ್ತದ ಕೆಂಪುಕಣಗಳನ್ನು ಸಂರಕ್ಷಕ ದ್ರಾವಣದಲ್ಲಿ 42 ದಿನಗಳವರೆಗೆ ಇಡಬಹುದು, ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನ. ಸ್ಕ್ಯಾನಿಂಗಿಗೆ ಬೇಕಾದ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವಿನ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಆರು ಗಂಟೆ. ಅದನ್ನು ಹುಟ್ಟಿಸುವ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ. ಇಂಥದ್ದನ್ನು ಎಷ್ಟು ದೊಡ್ಡ ಉಗ್ರಾಣವೂ ಉಳಿಸಿಕೊಡಲಾರದು. ಲ್ಯಾಟೆಕ್ಸ್ ಕೈಗವಸು, ಮಾಸ್ಕಿನ ಎಲಾಸ್ಟಿಕ್ ಮುಂತಾದವು ಡಬ್ಬದಲ್ಲಿದ್ದಲ್ಲೇ ಮೆತ್ತಗೆ ಹಾಳಾಗುತ್ತವೆ. ಆದ್ದರಿಂದ ಮೊದಲು ಬಂದದ್ದು ಮೊದಲು ಹೋಗಲಿ ಎಂಬ ಹಳೆಯ ನಿಯಮಕ್ಕಿಂತ, ಮೊದಲು ಎಕ್ಸ್‌ಪೈರಿ ಆಗುವುದು ಮೊದಲು ಹೋಗಲಿ ಎಂಬ ನಿಯಮವೇ ಆಸ್ಪತ್ರೆಗೆ ತಕ್ಕದ್ದು. ತುರ್ತಿಗೆಂದು ಬೇರೆ ಬೀಗ ಹಾಕಿ ಇಟ್ಟ ದಾಸ್ತಾನನ್ನು ನಾನು ನೆಚ್ಚುವುದಿಲ್ಲ. ದಿನಬಳಕೆಯ ದಾಸ್ತಾನಿನಲ್ಲೇ ಅದು ಸೇರಿ ಸುತ್ತುತ್ತಿರಬೇಕು, ಕೆಳಮಟ್ಟ ಮುಟ್ಟಿದಾಗ ರಿಜಿಸ್ಟರು ಕೂಗಿ ಹೇಳಬೇಕು.

ಶಾಲೆಗೂ ಎಕ್ಸ್‌ಪೈರಿ ಉಂಟು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಪಠ್ಯಕ್ರಮ ಬದಲಾದ ವರ್ಷ ಕಪಾಟಿನಲ್ಲಿರುವ ಪುಸ್ತಕದ ರಾಶಿ ರದ್ದಿಯಾಗುತ್ತದೆ. ಖಾಲಿ ಕಾಗದ, ಬಿಳಿ ಉತ್ತರಪತ್ರಿಕೆ, ಟೋನರ್ ಇವನ್ನು ಇಡಿ, ಅಚ್ಚಾದದ್ದನ್ನು ಕಡಿಮೆ ಇಡಿ.

ಎರಡನೆಯ ಸರಬರಾಜುದಾರರು

ಒಂದು ಬೋಧನಾ ಆಸ್ಪತ್ರೆಯ ಉಗ್ರಾಣದಲ್ಲಿ ದಾಸ್ತಾನು ಎಣಿಸುವವರ ಜೊತೆ ನಾನೊಂದು ಮಧ್ಯಾಹ್ನ ನಿಂತಿದ್ದೆ. ಕೈಗವಸಿಗೆ ಇಬ್ಬರು ಸರಬರಾಜುದಾರರಿದ್ದಾರೆ, ಒಬ್ಬರು ತಪ್ಪಿದರೆ ಇನ್ನೊಬ್ಬರು ಎಂದು ಖರೀದಿ ವಿಭಾಗದವರು ನೆಮ್ಮದಿಯಿಂದಿದ್ದರು. ಉಗ್ರಾಣದವರು ನೀಲಿ ಪೆಟ್ಟಿಗೆಯೊಂದನ್ನೂ ಹಸಿರು ಪೆಟ್ಟಿಗೆಯೊಂದನ್ನೂ ಪಕ್ಕಪಕ್ಕ ಮಗುಚಿ, ಬಾರ್‌ಕೋಡಿನ ಕೆಳಗಿದ್ದ ಸಾಸಿವೆಯಷ್ಟು ಸಣ್ಣ ಅಕ್ಷರದ ಸಾಲಿನ ಮೇಲೆ ಉಗುರಿಟ್ಟು ತೋರಿಸಿದರು. ತಯಾರಕರ ಪರವಾನಗಿ ಸಂಖ್ಯೆ ಎರಡರಲ್ಲೂ ಒಂದೇ. ಒಂದೇ ಕಾರ್ಖಾನೆಯ ಸರಕು, ಎರಡು ಹೆಸರಿನ ಬಿಲ್ಲು.

ಇಬ್ಬರನ್ನು ಇಬ್ಬರೆಂದು ಎಣಿಸಬೇಕಾದರೆ ಅವರು ಕಾರ್ಖಾನೆ, ಕಚ್ಚಾವಸ್ತು, ಸಾಗಣೆಯ ಹಾದಿ ಈ ಮೂರರಲ್ಲೂ ಬೇರೆಯಾಗಿರಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ತಯಾರಿಸುವುದು ಹಂದಿಯ ಕರುಳಿನ ಒಳಪದರದಿಂದ, ಮತ್ತು ಅದರ ಕಚ್ಚಾವಸ್ತುವಿನ ದೊಡ್ಡ ಪಾಲು ಬರುವುದು ಚೀನಾದಿಂದ. 2008ರಲ್ಲಿ ಅದರ ಕಲಬೆರಕೆ ಬಯಲಾದಾಗ, ಕಲುಷಿತ ವಸ್ತು ಹಲವು ದೇಶಗಳ ಔಷಧದಲ್ಲಿ ಪತ್ತೆಯಾಯಿತು; ಸೀಸೆಯ ಮೇಲಿನ ಹೆಸರುಗಳು ಬೇರೆಬೇರೆಯಾಗಿದ್ದವು ಅಷ್ಟೇ. ಮಾಲಿಬ್ಡಿನಂನ ಕಥೆ ಇನ್ನೂ ವಿಚಿತ್ರ. ಅದನ್ನು ತಯಾರಿಸುತ್ತಿದ್ದ ಕೆನಡಾದ ಚಾಕ್ ರಿವರ್ ಪರಮಾಣು ರಿಯಾಕ್ಟರು 2009ರ ಮೇ ತಿಂಗಳಿಂದ 2010ರ ಆಗಸ್ಟಿನವರೆಗೆ ನಿಂತಿತ್ತು, ಅದೇ ನಡುವೆ ನೆದರ್ಲೆಂಡ್ಸಿನ ಪೆಟ್ಟೆನ್ ರಿಯಾಕ್ಟರು ಕೂಡ 2010ರ ಫೆಬ್ರುವರಿಯಲ್ಲಿ ದುರಸ್ತಿಗೆ ಮುಚ್ಚಿತು. ದೇಶ ಬೇರೆ, ಖಂಡವೇ ಬೇರೆ. ಆದರೆ ಒಂದು ಕೆಲಸ ಶುರುಮಾಡಿದ್ದು 1957ರಲ್ಲಿ, ಇನ್ನೊಂದು 1961ರಲ್ಲಿ. ಒಂದೇ ತಲೆಮಾರಿನ ಯಂತ್ರಗಳು ಒಂದೇ ಕಾಲಕ್ಕೆ ದುರಸ್ತಿ ಬೇಡುವುದರಲ್ಲಿ ಅಚ್ಚರಿಯೇನಿಲ್ಲ. ಹಾಗಾಗಿ ಎರಡನೆಯವರನ್ನು ಆರಿಸುವಾಗ ‘ಎಲ್ಲಿದ್ದಾರೆ’ ಎಂದು ಕೇಳಿದ ಮೇಲೆ ‘ಏತರಿಂದ ಕೆಟ್ಟಾರು’ ಎಂದೂ ಕೇಳಬೇಕು.

ಕಲಾಕ್ಷೇತ್ರದಲ್ಲಿ ಎಷ್ಟೋ ಸಾಮಾನಿಗೆ ಲೋಕದಲ್ಲೇ ಇಬ್ಬರೇ ತಯಾರಕರಿರುತ್ತಾರೆ. ಗ್ರಾಮಫೋನ್ ತಟ್ಟೆಯ ಮೂಲ ಅಚ್ಚನ್ನು ಕೊರೆಯುವ ಲ್ಯಾಕರ್ ತಟ್ಟೆಗಳನ್ನು ಮಾಡುತ್ತಿದ್ದ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರುವರಿಯಲ್ಲಿ ಸುಟ್ಟುಹೋದಾಗ ಉಳಿದದ್ದು ಜಪಾನಿನ ಎಂಡಿಸಿ ಒಂದೇ. ಅಲ್ಲಿ ಖಾತೆಯಿಲ್ಲದವರು ಮರುದಿನ ಖಾತೆ ತೆರೆಯಲು ಹೊರಟರೆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ.

ಇದೇ ಈ ದಾರಿಯ ಖರ್ಚು ಕೂಡ. ಎರಡನೆಯವರಿಗೆ ಸಹಜ ಕಾಲದಲ್ಲೂ ಸ್ವಲ್ಪ ವ್ಯಾಪಾರ ಕೊಡುತ್ತಿರಬೇಕು, ಮೂರನೆಯ ಒಂದು ಪಾಲು ಎಂದಿಟ್ಟುಕೊಳ್ಳಿ. ಅದರಿಂದ ಮೊದಲನೆಯವರ ಹತ್ತಿರ ಸಿಗುವ ಸಗಟು ರಿಯಾಯಿತಿ ಕಡಿಮೆಯಾಗುತ್ತದೆ, ಲೆಕ್ಕಪರಿಶೋಧಕರು ‘ಕಡಿಮೆ ದರದವರನ್ನು ಬಿಟ್ಟದ್ದೇಕೆ’ ಎಂದು ಕೇಳುತ್ತಾರೆ. ಆ ಪ್ರಶ್ನೆ ಬರುವ ಮೊದಲೇ, ಟೆಂಡರಿನ ಷರತ್ತಿನಲ್ಲಿಯೇ, ಪೂರೈಕೆಯನ್ನು ಇಬ್ಬರಿಗೆ ಹಂಚಲಾಗುವುದೆಂದೂ ಹಂಚಿಕೆಯ ಪ್ರಮಾಣ ಇಂತಿಷ್ಟೆಂದೂ ಕಾರಣಸಹಿತ ಬರೆದಿಡುವುದು ಜಾಣತನ.

ಬದಲಿ ಸಾಮಾನು

ಐದರಲ್ಲಿ ಅತಿ ಅಗ್ಗದ ದಾರಿ ಇದು, ಮತ್ತು ಅತಿ ಹೆಚ್ಚು ಕಡೆಗಣಿಸಲ್ಪಟ್ಟದ್ದೂ ಇದೇ. ಇದಕ್ಕೆ ಹಣ ಬೇಕಿಲ್ಲ, ಬಳಸುವವರ ಜೊತೆ ಕೂತು ಮಾತಾಡುವ ಸಮಯ ಬೇಕು. ಖರೀದಿ ವಿಭಾಗದವರಿಗೆ ಆ ಸಮಯ ಸಿಗುವುದಿಲ್ಲ, ಬಳಸುವವರು ಕರೆದರೆ ಬರುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತವು ನಾರ್ತ್ ಕ್ಯಾರೊಲೈನಾದಲ್ಲಿರುವ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಗೆ ನೀರು ನುಗ್ಗಿಸಿದಾಗ, ಅಮೆರಿಕದಲ್ಲಿ ಬಳಕೆಯಾಗುವ ಡ್ರಿಪ್ ದ್ರವದ ಸುಮಾರು ಶೇ 60ರಷ್ಟು ಒಂದೇ ಸ್ಥಳದಿಂದ ಬರುತ್ತಿತ್ತೆಂಬುದು ಎಲ್ಲರ ಬಾಯಿಗೆ ಬಂತು. ಡ್ರಿಪ್ ಚೀಲಗಳು ಭಾರ, ಜಾಗ ತಿನ್ನುತ್ತವೆ. ತಿಂಗಳುಗಟ್ಟಲೆ ದಾಸ್ತಾನು ಯಾವ ಆಸ್ಪತ್ರೆಯಲ್ಲೂ ಇರುವುದಿಲ್ಲ. ಆಗ ಆಸ್ಪತ್ರೆಗಳು ಹಿಡಿದದ್ದು ಬದಲಿಯ ದಾರಿ: ಕುಡಿಯಬಲ್ಲ ರೋಗಿಗೆ ಬಾಯಿಯ ಮೂಲಕವೇ ದ್ರವ, ಡ್ರಿಪ್ಪಿನಲ್ಲಿ ಕೊಡುತ್ತಿದ್ದ ಔಷಧವನ್ನು ಸಾಧ್ಯವಿದ್ದಲ್ಲಿ ಮಾತ್ರೆಯಾಗಿ ಅಥವಾ ಸಿರಿಂಜಿನಲ್ಲಿ. ಇದನ್ನು ಕೊರತೆ ಬಂದ ದಿನ ಯೋಚಿಸಲು ಕೂತವರಿಗಿಂತ, ಯಾವ ರೋಗಿಗೆ ಯಾವ ಬದಲಿ ಎಂದು ಔಷಧ ಸಮಿತಿಯಿಂದ ಮೊದಲೇ ಬರೆಸಿಟ್ಟುಕೊಂಡವರಿಗೆ ಕೆಲಸ ಹಗುರ. ಆಸ್ಪತ್ರೆಯಲ್ಲಿ ಒಂದು ಎಚ್ಚರಿಕೆ ಬೇಕು. ಬದಲಿ ಸೀಸೆಯ ಔಷಧ ಅದೇ ಆಗಿದ್ದು ಸಾಂದ್ರತೆ ಬೇರೆಯಾಗಿದ್ದರೆ, ರಾತ್ರಿ ಪಾಳಿಯ ನರ್ಸ್ ರೂಢಿಬಲದಿಂದ ಹಳೆಯ ಅಳತೆಯಲ್ಲೇ ತೆಗೆಯುವ ಅಪಾಯವಿದೆ. ಬದಲಿಗೆ ಒಪ್ಪಿಗೆ ಕೊಡುವ ಕಾಗದದಲ್ಲೇ ಲೇಬಲ್, ಕಪಾಟು, ತರಬೇತಿ ಈ ಮೂರರ ಹೊಣೆ ಯಾರದೆಂದು ಬರೆದಿರಬೇಕು.

ಶಾಲೆಗೆ ಬದಲಿ ಸಲೀಸು. ಕಲಿಯಬೇಕಾದದ್ದು ಗುರಿಯಾಗಿರುವಾಗ ಸಾಮಾನು ಬರಿಯ ಸಾಧನ; ಒಂದು ಸೂಚಕ ದ್ರಾವಣದ ಬದಲು ಇನ್ನೊಂದು ನಡೆಯುತ್ತದೆ. ಮುಕ್ತ ಪರವಾನಗಿಯ ಪಠ್ಯಪುಸ್ತಕಗಳು, ಉದಾಹರಣೆಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಹೊರತರುತ್ತಿರುವಂಥವು, ಈ ದೃಷ್ಟಿಯಿಂದ ತುಂಬ ಬೆಲೆಯುಳ್ಳವು. ಪ್ರಕಾಶಕರ ಹಡಗು ಬಾರದಿದ್ದರೆ ಪಕ್ಕದ ಮುದ್ರಣಾಲಯದಲ್ಲಿ ಬೇಕಾದ ಅಧ್ಯಾಯವನ್ನಷ್ಟೇ ಅಚ್ಚುಹಾಕಿಸಬಹುದು. ಆದರೆ ಶಿಕ್ಷಕರು ಆ ಪುಸ್ತಕವನ್ನು ಮೊದಲೇ ಓದಿ ಪಾಠಗಳಿಗೆ ಹೊಂದಿಸಿಟ್ಟಿರಬೇಕು, ಇಲ್ಲದಿದ್ದರೆ ಅದು ಹೆಸರಿಗೆ ಮಾತ್ರ ಬದಲಿ.

ಕಲಾವಿದರ ಜೊತೆ ಈ ಮಾತು ಎತ್ತುವುದೇ ಕಷ್ಟ. ಬದಲಿ ಎಂದರೆ ರಾಜಿ ಎಂದು ಅವರಿಗೆ ಕೇಳಿಸುತ್ತದೆ, ಎಷ್ಟೋ ಸಲ ಅದು ನಿಜವೂ ಹೌದು. ಜಲವರ್ಣದವರು ಮೆಚ್ಚಿ ಬಳಸುತ್ತಿದ್ದ ಕ್ವಿನಾಕ್ರಿಡೋನ್ ಗೋಲ್ಡ್ ಎಂಬ ವರ್ಣದ್ರವ್ಯದ ತಯಾರಿಕೆ, ವಾಹನಗಳ ಬಣ್ಣದ ಉದ್ಯಮಕ್ಕೆ ಅದು ಬೇಡವಾದಾಗ, 2001ರ ಸುಮಾರಿಗೆ ನಿಂತುಹೋಯಿತು. ಚಿತ್ರಕಾರರು ಕೊಳ್ಳುತ್ತಿದ್ದದ್ದು ಕಾರ್ಖಾನೆಯ ಲೆಕ್ಕದಲ್ಲಿ ಚಿಟಿಕೆಯಷ್ಟು. ಇತರ ವರ್ಣದ್ರವ್ಯಗಳನ್ನು ಬೆರೆಸಿ ಅದೇ ಹೆಸರಿನ ಬಣ್ಣ ಮಾರಿದರೂ, ಕಣ್ಣು ಪಳಗಿದವರು ಒಪ್ಪಲಿಲ್ಲ. ಇದಕ್ಕೆ ಎದುರಾದ ಉದಾಹರಣೆಯೂ ಉಂಟು. 2011ರ ಮಾರ್ಚಿನ ಜಪಾನ್ ಭೂಕಂಪ ಮತ್ತು ಸುನಾಮಿಯಿಂದ ಸೆಂಡೈ ಬಳಿಯ ಸೋನಿ ಕಾರ್ಖಾನೆ ಮುಚ್ಚಿ, ಟೆಲಿವಿಷನ್ ಮತ್ತು ಚಿತ್ರೋದ್ಯಮ ಬಳಸುತ್ತಿದ್ದ ಎಚ್‌ಡಿಕ್ಯಾಮ್ ಎಸ್‌ಆರ್ ಟೇಪುಗಳು ಸಿಗದಾದಾಗ, ಹೇಗೂ ಬರಲಿದ್ದ ಟೇಪಿಲ್ಲದ ಕೆಲಸದ ಕ್ರಮಕ್ಕೆ ಎಷ್ಟೋ ಮಂದಿ ಬೇಗನೆ ಹೊರಳಿಕೊಂಡರು, ಮತ್ತೆ ಹಿಂದಿರುಗಲಿಲ್ಲ. ಆದ್ದರಿಂದ ವಿನ್ಯಾಸಕಾರರಿಗೆ ‘ಬದಲಿ ಒಪ್ಪುತ್ತೀರಾ’ ಎಂದು ಕೇಳಬೇಡಿ. ‘ಇದರಲ್ಲಿ ಯಾವುದು ಬದಲಾದರೆ ಕೃತಿಯೇ ಬದಲಾಗುತ್ತದೆ’ ಎಂದು ಕೇಳಿ. ಪಟ್ಟಿ ಆಶ್ಚರ್ಯವಾಗುವಷ್ಟು ಚಿಕ್ಕದಾಗಿ ಬರುತ್ತದೆ. ಆ ನಾಲ್ಕೈದು ಸಾಮಾನುಗಳನ್ನು ಪ್ರಯೋಗ ಮುಗಿಯುವವರೆಗೆ ಆಗುವಷ್ಟು ಒಂದೇ ಲಾಟ್‌ನಲ್ಲಿ ಕೊಂಡಿಡಿ, ಉಳಿದದ್ದಕ್ಕೆ ಬದಲಿ ಬರೆಸಿಕೊಳ್ಳಿ.

ಸೇರಿ ಖರೀದಿಸುವುದು

ನಾಲ್ಕು ಕಾಲೇಜುಗಳು ಬೇರೆಬೇರೆಯಾಗಿ ತಲಾ 100ರಷ್ಟು ಸುರಕ್ಷತಾ ದಾಸ್ತಾನು ಇಡುವ ಬದಲು ಒಂದೇ ಕಡೆ ಇಟ್ಟರೆ, ಅವುಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುವವರೆಗೆ, 400ರ ಬದಲು 200 ಸಾಕು. ಇಲ್ಲೂ ವರ್ಗಮೂಲದ್ದೇ ಮಹಿಮೆ. ಕೂಟದ ಖರೀದಿಯನ್ನು ಹೊಗಳುವವರೆಲ್ಲ ಈ ಲೆಕ್ಕವನ್ನು ಮುಂದಿಡುತ್ತಾರೆ.

‘ಸಂಬಂಧವಿಲ್ಲದೆ’ ಎಂಬ ಮಾತೇ ಇದರ ಮರ್ಮ. 2020ರಲ್ಲಿ ಎಲ್ಲ ಆಸ್ಪತ್ರೆಗಳಿಗೂ ಒಂದೇ ವಾರದಲ್ಲಿ ಮಾಸ್ಕು ಬೇಕಾಯಿತು, ಎಲ್ಲ ಶಾಲೆಗಳಿಗೂ ಒಂದೇ ತಿಂಗಳಲ್ಲಿ ಲ್ಯಾಪ್‌ಟಾಪು ಬೇಕಾಯಿತು. ಬೇಡಿಕೆಗಳು ಕೈಕೈ ಹಿಡಿದು ಏರಿದಾಗ ಕೂಟದ ದಾಸ್ತಾನು ಯಾರಿಗೂ ಸಾಲದು, ಜಗಳಕ್ಕೆ ಮಾತ್ರ ಸಾಕು. ಇದರ ಮೇಲೆ, ದೊಡ್ಡ ಕೂಟವು ದರ ಇಳಿಸಲೆಂದು ಒಬ್ಬರಿಗೇ ಪೂರ್ತಿ ಗುತ್ತಿಗೆ ಕೊಟ್ಟುಬಿಟ್ಟರೆ ಎಲ್ಲರ ಅಪಾಯವೂ ಒಂದೇ ಬುಟ್ಟಿಗೆ ಬೀಳುತ್ತದೆ. ನಿತ್ಯದ ಏರಿಳಿತಕ್ಕೆ, ಅಪರೂಪಕ್ಕೆ ಬೇಕಾಗುವ ದುಬಾರಿ ಉಪಕರಣಕ್ಕೆ, ಪ್ರಯೋಗಾಲಯದ ಬಿಡಿಭಾಗಕ್ಕೆ, ಎರಡು ತಂಡಗಳು ಬೇರೆಬೇರೆ ಕಾಲದಲ್ಲಿ ಬಳಸುವ ರಂಗದೀಪಕ್ಕೆ ಈ ದಾರಿ ಚೆನ್ನ. ಸಾಂಕ್ರಾಮಿಕದಂಥ ಸಂಕಷ್ಟಕ್ಕಲ್ಲ. ಕೂಟ ಸೇರುವ ಮೊದಲು ಕೊರತೆಯ ದಿನ ಯಾರಿಗೆ ಎಷ್ಟು, ಯಾವ ಕ್ರಮದಲ್ಲಿ ಎಂಬ ಹಂಚಿಕೆಯ ನಿಯಮಕ್ಕೆ ಎಲ್ಲರ ಸಹಿ ಬಿದ್ದಿರಬೇಕು.

ವರ್ಷಗಳ ಮಾತು

ಕೆಲವೊಮ್ಮೆ ಕೊರತೆಗೆ ಮೂಲಕಾರಣ ತಯಾರಕರಿಗೆ ಆ ಸಾಮಾನು ಮಾಡುವುದರಲ್ಲಿ ಹುರುಪಿಲ್ಲದಿರುವುದು. ದರ ಇಳಿದಿಳಿದು ಲಾಭವೇ ಇಲ್ಲದ ಹಳೆಯ ಚುಚ್ಚುಮದ್ದುಗಳನ್ನು ಮಾಡುವ ಕಾರ್ಖಾನೆಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಆಗ ದಾಸ್ತಾನಿಟ್ಟರೂ, ಎರಡನೆಯವರನ್ನು ಹುಡುಕಿದರೂ ರೋಗ ವಾಸಿಯಾಗದು. ಇದನ್ನು ಮನಗಂಡ ಅಮೆರಿಕದ ಆಸ್ಪತ್ರೆಗಳು ಸೇರಿ 2018ರಲ್ಲಿ ಸಿವಿಕಾ ಎಂಬ ಲಾಭರಹಿತ ಔಷಧ ಸಂಸ್ಥೆಯನ್ನು ಕಟ್ಟಿದವು. ಸದಸ್ಯ ಆಸ್ಪತ್ರೆಗಳು ಇಂತಿಷ್ಟು ಕೊಳ್ಳುತ್ತೇವೆಂದು ವರ್ಷಗಳ ಕರಾರಿಗೆ ಸಹಿ ಹಾಕುತ್ತವೆ, ಸಂಸ್ಥೆ ತಿಂಗಳುಗಟ್ಟಲೆಯ ದಾಸ್ತಾನನ್ನು ತಾನೇ ಹೊರುತ್ತದೆ.

ಚಿತ್ರರಂಗ ಹೆಚ್ಚುಕಡಿಮೆ ಇದೇ ಉಪಾಯವನ್ನು ಬೇರೆ ಕಾರಣಕ್ಕೆ ಮಾಡಿದೆ ಎಂಬುದು ನನಗೆ ಕುತೂಹಲದ ಸಂಗತಿ. ಫ್ಯೂಜಿಫಿಲ್ಮ್ ಚಲನಚಿತ್ರ ಚಿತ್ರೀಕರಣದ ಫಿಲ್ಮ್ ಮಾಡುವುದನ್ನು ನಿಲ್ಲಿಸಿದ ಮೇಲೆ ಕೊಡಾಕ್ ಬಹುಮಟ್ಟಿಗೆ ಒಂಟಿಯಾಗಿ ಉಳಿದಿತ್ತು, ಅದರ ಕಾರ್ಖಾನೆಯೂ ಮುಚ್ಚುವ ಅಂಚಿಗೆ ಬಂದಿತ್ತು. 2015ರಲ್ಲಿ ಹಾಲಿವುಡ್ಡಿನ ಆರು ದೊಡ್ಡ ಸ್ಟುಡಿಯೊಗಳು ಫಿಲ್ಮ್ ಕೊಳ್ಳುವ ಒಪ್ಪಂದಕ್ಕೆ ಬಂದದ್ದರಿಂದ ತಯಾರಿಕೆ ಮುಂದುವರಿಯಿತು. ಡಿಜಿಟಲ್ಲಿನಲ್ಲೇ ಕೆಲಸ ಮಾಡುವ ನಿರ್ದೇಶಕರಿಗೆ ಇದರಿಂದ ಏನೂ ಆಗಬೇಕಿರಲಿಲ್ಲ. ಫಿಲ್ಮೇ ಬೇಕೆನ್ನುವವರಿಗಾಗಿ ಉಳಿದವರೂ ಕೈಜೋಡಿಸಿದಂತಾಯಿತು.

ಸಣ್ಣ ಸಂಸ್ಥೆಗೆ ಈ ದಾರಿ ಒಂಟಿಯಾಗಿ ತೆರೆದಿಲ್ಲ. ಕೂಟದ ಮೂಲಕ ಹೋಗಬೇಕು, ಹೋದಮೇಲೆ ಸಿಕ್ಕಿಹಾಕಿಕೊಳ್ಳುವ ಭಯವೂ ಉಂಟು: ಮೂರನೆಯ ವರ್ಷ ಬೇಡಿಕೆ ಇಳಿದರೂ ಹಣ ಕಟ್ಟಲೇಬೇಕು. ಬೇರೆಲ್ಲ ದಾರಿ ಮುಚ್ಚಿದ, ಬದಲಿಯಿಲ್ಲದ, ಹತ್ತು ವರ್ಷವಾದರೂ ಬೇಕಾಗುವ ಸಾಮಾನಿಗೆ ಮಾತ್ರ ಇದನ್ನು ಯೋಚಿಸಿ.

ಉಗ್ರಾಣದಲ್ಲಿ ಕಾಣದ ಸರಕು

ಸಾಫ್ಟ್‌ವೇರ್ ಸೇವೆಗಳನ್ನು ಖರೀದಿ ವಿಭಾಗ ಸರಕೆಂದು ಎಣಿಸುವುದಿಲ್ಲ, ಆದರೆ ಮೂರೂ ಕ್ಷೇತ್ರಗಳಿಗೆ ನಿಜವಾಗಿ ಸಾಮಾನ್ಯವಾದ ಸರಬರಾಜುದಾರರು ಇರುವುದು ಅಲ್ಲಿಯೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಸುರಕ್ಷತಾ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ನಡೆದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯ ಬಳಿಕ ಅದರ ಮುಖ್ಯ ಕ್ಯಾಟಲಾಗು ಹುಡುಕಲು ಮತ್ತೆ ಸಿಕ್ಕಿದ್ದು 2024ರ ಜನವರಿಯಲ್ಲಿ, ಅದೂ ಮೊಟಕಾದ ರೂಪದಲ್ಲಿ.

ಮೇಲಿನ ದಾರಿಗಳನ್ನೇ ಇಲ್ಲಿಗೂ ಹೊಂದಿಸಬಹುದು. ಬ್ಯಾಕಪ್ಪು ದಾಸ್ತಾನಿದ್ದಂತೆ, ಮತ್ತು ಅದರ ಒಂದು ಪ್ರತಿ ಜಾಲದಿಂದ ಪೂರ್ತಿ ಬೇರ್ಪಟ್ಟಿರಬೇಕು. ಎರಡನೆಯ ಸೇವೆಗೆ ಸದಾ ಹಣ ಕಟ್ಟುವುದು ಬಹುತೇಕ ಸಂಸ್ಥೆಗಳಿಗೆ ಆಗದ ಮಾತು. ಅದರ ಬದಲು ನಮ್ಮ ಎಲ್ಲ ದತ್ತಾಂಶವನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ನಾವೇ ಯಾವಾಗ ಬೇಕಾದರೂ ಇಳಿಸಿಕೊಳ್ಳುವ ಹಕ್ಕು ಕರಾರಿನಲ್ಲಿರಲಿ. ಬದಲಿಯೆಂದರೆ ಕಾಗದ. ವಾರ್ಡಿನ ಔಷಧ ಚೀಟಿ, ಶಾಲೆಯ ಹಾಜರಿ ಪುಸ್ತಕ, ರಂಗದ ದೀಪಸೂಚಿ ಇವುಗಳ ಖಾಲಿ ನಮೂನೆಗಳನ್ನು ಅಚ್ಚುಹಾಕಿಸಿ ಕಂಪ್ಯೂಟರಿನ ಪಕ್ಕದ ಡ್ರಾಯರಿನಲ್ಲಿ ಇಟ್ಟಿರಬೇಕು. ನಮೂನೆಯ ಕಡತ ಕಂಪ್ಯೂಟರಿನ ಒಳಗೇ ಇದ್ದು ಪ್ರಿಂಟರು ಅದಕ್ಕೇ ಜೋಡಿಸಿದ್ದರೆ ಆ ದಿನ ಏನೂ ಪ್ರಯೋಜನವಿಲ್ಲ.

ನಿಮ್ಮ ಸಂಸ್ಥೆಗೆ ಯಾವುದು

ಆಸ್ಪತ್ರೆಗೆ ನನ್ನ ಆಯ್ಕೆಯ ಕ್ರಮ ಹೀಗೆ: ಮೊದಲು ಬದಲಿಯ ಪಟ್ಟಿ, ಅದು ಸಿಗದ ಸಾಮಾನಿಗೆ ಸುತ್ತುತ್ತಿರುವ ದಾಸ್ತಾನು, ದಾಸ್ತಾನಿಗೆ ಒಗ್ಗದ್ದಕ್ಕೆ ಮೂಲದವರೆಗೂ ಬೇರೆಯಾದ ಎರಡನೆಯ ಸರಬರಾಜುದಾರರು. ದಾಸ್ತಾನಿನಿಂದ ಶುರುಮಾಡುವವರೊಡನೆ ನನಗಿರುವ ತಕರಾರು ಇಷ್ಟೇ, ಬದಲಿ ಗೊತ್ತಿಲ್ಲದ ಕಾರಣಕ್ಕೆ ಅವರು ಎಲ್ಲವನ್ನೂ ಕೂಡಿಡುತ್ತಾರೆ.

ಶಾಲೆ ಕಾಲೇಜುಗಳಿಗೆ ಕ್ಯಾಲೆಂಡರೇ ಮುಖ್ಯ ಅಸ್ತ್ರ. ತಪ್ಪಿಸಲಾಗದ ದಿನಗಳನ್ನು ಗುರುತು ಹಾಕಿ, ಸರಕು ಬರಲು ಈವರೆಗೆ ಹಿಡಿದ ಅತಿ ಹೆಚ್ಚಿನ ಅವಧಿಯನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ ಆರ್ಡರು ಕೊಟ್ಟರೆ, ಉಳಿದ ಯಾವ ದಾರಿಗೂ ಹೆಚ್ಚು ಹಣ ಹಾಕಬೇಕಾಗಿಲ್ಲ. ಎಲ್ಲ ಶಾಲೆಗಳೂ ಒಂದೇ ವಾರ ಕೊಳ್ಳಲು ಹೊರಡುತ್ತವೆ, ನೀವು ಎರಡು ತಿಂಗಳು ಮುಂಚೆ ಹೊರಡಿ. ಕೂಟದ ಖರೀದಿಯೂ ಶಾಲೆಗೆ ಹೊಂದುತ್ತದೆ.

ಕಲಾಸಂಸ್ಥೆಗೆ, ಕೃತಿಯನ್ನು ಕೃತಿಯನ್ನಾಗಿ ಮಾಡುವ ಆ ನಾಲ್ಕೈದು ಸಾಮಾನುಗಳ ದಾಸ್ತಾನು, ಉಳಿದದ್ದಕ್ಕೆ ಬದಲಿ. ಎರಡನೆಯ ಸರಬರಾಜುದಾರರನ್ನು ಹುಡುಕುವುದಕ್ಕಿಂತ ಪಕ್ಕದ ತಂಡದ ಜೊತೆ ಎರವಲಿನ ಒಪ್ಪಂದ ಹೆಚ್ಚು ಫಲ ಕೊಡುತ್ತದೆ.

ಯಾವ ದಾರಿ ಹಿಡಿದರೂ ಅದನ್ನು ಶಾಂತಿಯ ಕಾಲದಲ್ಲಿ ಒಮ್ಮೆ ನಡೆದು ನೋಡಬೇಕು. ಬದಲಿ ಸಾಮಾನಿನಲ್ಲಿ ಒಂದು ದಿನ ಕೆಲಸ ಮಾಡಿ. ಬ್ಯಾಕಪ್ಪಿನಿಂದ ಒಂದು ಕಡತವನ್ನು ನಿಜವಾಗಿ ಹೊರತೆಗೆದು ತೆರೆಯಿರಿ. ಎರಡನೆಯ ಸರಬರಾಜುದಾರರಿಗೆ ಈ ವಾರವೇ ಒಂದು ಸಣ್ಣ ಆರ್ಡರು ಕೊಟ್ಟು, ಕೊಟ್ಟ ದಿನವನ್ನೂ ಸರಕು ಗೇಟಿನೊಳಗೆ ಬಂದ ದಿನವನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ಮೂರು ದಿನ ಸತತವಾಗಿ ಕರೆ ಮಾಡಿದರೂ ಫೋನು ಎತ್ತುವವರಿಲ್ಲದಿದ್ದರೆ, ಆ ಹೆಸರನ್ನು ಪಟ್ಟಿಯಿಂದ ಅಂದೇ ಹೊಡೆದುಹಾಕಿ.